ಸಕ್ಕೆ ಕೊಂಬು

ಹಳದಿ ಹಲಗೆ, ಕರಿ ಬಣ್ಣ, ಎರಡು ಕುಂಚ.
ಬೇಲೂರಿನ ಮೊದಲ ಬಸ್ಸಿಗೆ ಬಂದವನು ನಾನು,
ಊರ ಹೆಸರು ಬರೆದು ಹೋಗುವುದಷ್ಟೇ ಕೆಲಸ.
ಸ ಬರೆದು, ಪಕ್ಕಕ್ಕೊಂದು ಸೊನ್ನೆ ಸುತ್ತುವಷ್ಟರಲ್ಲಿ
ಬೆನ್ನ ಹಿಂದೆ ಯಾರೋ ಕೆಮ್ಮಿದರು:
ಸಕ್ಕೆ ಕೊಂಬೆಲ್ಲಿ, ಪೇಂಟರೇ?

ಜಿನದತ್ತಯ್ಯ ಮೇಷ್ಟ್ರು. ರಿಟೈರಾಗಿ ಹನ್ನೊಂದು ವರ್ಷ.
ಸಂಕೇನಹಳ್ಳಿ ಅಲ್ಲಯ್ಯ ಇದು, ಸುಂಕೇನಹಳ್ಳಿ.
ಕೈ ಹಿಡಿದೇ ಕರೆದೊಯ್ದು ತೋರಿಸಿದರು
ಗಿರಣಿಯ ಹೊಸ್ತಿಲು,
ರಾಗಿಹಿಟ್ಟು ಮೆತ್ತಿದ ಹಳಗನ್ನಡ:
ಮೆಣಸಿನ ಹೇರಿಂಗೆ ಹಾಗವೊಂದು,
ಎಲೆಯ ಹೊರೆಗೆ ವೀಸ...
ಮುಂದಿನ ಸಾಲು ಚಪ್ಪಲಿಗಳ ಪಾಲು.
ಮೊದಲು ಸೇತುವೆ, ಆಮೇಲೆ ಸುಂಕ, ಊರು ಕಡೆಗೆ.

ಟೀ ಅಂಗಡಿಯ ಚೆಲುವಯ್ಯ ಗ್ಲಾಸು ತೊಳೆಯುತ್ತಲೇ ನಕ್ಕ.
ಕಾಸು ಕಿತ್ತವರ ಹೆಸರ ಊರಿಗೆ ಯಾರಿಡ್ತಾರೆ ಸಾ?
ಸಂಕವ್ವೆ ಅಂತ ಇದ್ದಳು.
ಗಂಡನನ್ನು ಯಗಚಿ ಒಯ್ದ ವರ್ಷ
ಕಿವಿಯ ಓಲೆ ಬಿಚ್ಚಿ ಕಲ್ಲುಕುಟಿಗರ ಮುಂದಿಟ್ಟಳಂತೆ.
ಒಂಬತ್ತು ಕಂಬ, ಹತ್ತು ಹಾಸುಗಲ್ಲು.
ಕಡೇ ಕಲ್ಲಿಗೆ ಸಾಲದೆ ಮೂಗುತಿಯೂ ಹೋಯಿತಂತೆ.

ಮೇಷ್ಟ್ರಿಗೆ ಸಿಟ್ಟು ಬಂತು:
ಬೇಲೂರಲ್ಲಿ ಒಬ್ಬ ಕಲ್ಲು ಹೆಂಗಸಿಗಾದರೂ
ಮೂಗುತಿ ಕಂಡಿದೀಯೇನಯ್ಯ?

ಓವರ್ಸಿಯರಿಗೆ ಫೋನು ಮಾಡಿದೆ.
ಕಾಗದ ನೋಡ್ಕೋ, ಅಂದರು.
ಕಾಗದದಲ್ಲಿದ್ದದ್ದು ಇಂಗ್ಲಿಷು, ಎಸ್ ಯು ಎನ್ ಕೆ,
ಸಂಕ ಅಂದರೂ ಸೈ, ಸುಂಕ ಅಂದರೂ ಸೈ.

ಕುಂಚ ತೊಳೆಯಲು ಹೊಳೆಗಿಳಿದೆ.
ಬೇಸಿಗೆಯ ಯಗಚಿ, ಮೊಣಕಾಲು ಮುಟ್ಟದು.
ಬಂಡೆಯುದ್ದಕ್ಕೂ ಚೌಕ ಚೌಕ ಕುಳಿಗಳು, ಸಾಲಾಗಿ,
ಒಂದರಲ್ಲಿ ಮರಿಮೀನು, ಒಂದರಲ್ಲಿ ಸೋಪಿನ ನೊರೆ.
ಇನ್ನೊಂದರಲ್ಲಿ ಕುಂಚ ಊರಿದೆ.
ನಿಂತಿತು.

ದ್ಯಾವೀರಮ್ಮ ಕಂಬಳಿ ಕುಕ್ಕುತ್ತಿದ್ದಳು.
ಸೇತುವೇನ ಹೊಳೆ ಒಯ್ತಾ ಅಜ್ಜಿ?
ಹೊಳೆಗೇನು ಬಂದಿತ್ತು ರೋಗ? ನಾವೇ ಕಿತ್ತಿದ್ದು.
ಯಾವುದೋ ದಂಡು ಬಂದಿತ್ತಂತೆ ಆಚೆ ದಡಕ್ಕೆ,
ಕುದುರೆ ಕೆನೆದದ್ದು ತೊಟ್ಟಿಲ ಕೂಸಿಗೂ ಕೇಳಿಸಿತಂತೆ.
ನಡುವಿನ ಕಲ್ಲು ಉರುಳಿಸಿದರು, ಒಂದೇ ರಾತ್ರಿ.
ದಂಡು ಬೇರೆ ದಾರಿ ಹಿಡೀತು.
ಕಲ್ಲೆತ್ತೋಕೆ ಊರೆಲ್ಲ ಸೇರಬೇಕಿತ್ತು,
ಕೆಡವೋಕೆ ಸೇರಿದಂಗೆ ಸೇರಲಿಲ್ಲ ನೋಡು.
ಒಂದು ಹೋದ ಮೇಲೆ ಮಿಕ್ಕಿದ್ದು ಯಾಕೆ?
ಬಾಗಿಲಿಗೊಂದು, ಬಾವಿಗೊಂದು.
ಇದು ನಮ್ಮತ್ತೆ ಕಾಲದಿಂದ ನಮ್ದು,
ಎಂದು ಕಂಬಳಿಯ ಕೆಳಗಿನ ಕಲ್ಲನ್ನು ತಟ್ಟಿದಳು.

ದಿಬ್ಬದ ಮೇಲಿಂದ ಸೊಸೆ ಕೂಗಿದಳು:
ಅತ್ತೇ, ಎಲ್ಲಿದೀರಾ?
ಸಂಕದ ಮೇಲಿವ್ನಿ ಕಣೇ, ಬಂದೆ!
ನೀರಲ್ಲಿ ನಿಂತೇ ಅಂದಳು.

ಹಲಗೆಗೆ ಮರಳಿ ಉಳಿದ ಅಕ್ಷರ ತುಂಬಿದೆ.
ಸಕ್ಕೂ ಸೊನ್ನೆಗೂ ನಡುವೆ ಒಂದು ಬೆರಳು ಜಾಗ,
ಬೇಕಾದವರು ಎಳೆದುಕೊಳ್ಳಲಿ.
ಮೇಷ್ಟ್ರು ನೋಡಿದರು, ಏನೂ ಅನ್ನಲಿಲ್ಲ.
ಮೂರೂವರೆ ಬಸ್ಸು ಆಚೆ ದಡದಿಂದ.
ಬಣ್ಣದ ಡಬ್ಬಿ ತಲೆಗಿಟ್ಟು, ಪ್ಯಾಂಟು ಮಡಚಿ,
ಕುಳಿಗಳ ಸಾಲು ಹಿಡಿದು ನಡೆದೆ.