ಸೆಕ್ಟರ್

ಕುಂತಲ್ಲೇ ಕರ್ ಕರ್ ಅನ್ನತಿತ್ತು,
ಹಲ್ಲಿನ ಸಂದಿಗೆ ಅಡಿಕಿ ಸಿಕ್ಕವರ ಹಂಗ.
ಪವರ್ ಒತ್ತಿ, ನಾ ಕೆಳಗಿಳಿದು
ಗ್ಯಾನಪ್ಪನ ಗಾಡ್ಯಾಗ ಚಾ ಕುಡಿದು
ಅವನ ಹೆಂಡತಿ ಮೊಣಕಾಲಿನ ಸುದ್ದಿ ಪೂರಾ ಕೇಳಿ
ಬಂದು ನೋಡಿದರ
ಇನ್ನೂ ತಿರುಗತಿತ್ತು ಆ ಸಣ್ಣ ಚಕ್ರ.

ಹನ್ನೊಂದು ವರ್ಷದ ಲ್ಯಾಪ್‌ಟಾಪ್.
ಹೊಸಾದು ತಗೋರಿ ಅಂದರು ಎಲ್ಲಾರೂ.
ಸವೆದು ಬೋಳಾದ ‘ಳ’ ಎಲ್ಲೈತಿ ಅಂತ
ನನ್ನ ಬೆರಳಿಗೆ ಗೊತ್ತು. ಅದು ಸಾಕು.

ನವನಗರ, ಸೆಕ್ಟರ್ ಇಪ್ಪತ್ತೆರಡು, ರಾಜ್ಮಾ ನದಾಫಳ ಅಂಗಡಿ.
ಅವಳ ಅಜ್ಜ ಹತ್ತಿ ಹಿಂಜಾಂವ;
ಬಿಲ್ಲಿನ ದನಿ ಕೇಳೇ ಅರಳಿಯೊಳಗಿನ ಕಸ ಹೇಳತಿದ್ದನಂತ.
ಇವಳೂ ಕಿವಿ ಹಚ್ಚಿದಳು.
“ಸೋತದರೀ ಅಕ್ಕಾರ. ಈ ವಾರ ಬಂದ್ರಿ, ಚಲೋ ಆತು.”

ಹತ್ತು ತಿರುಪು ಬಿಚ್ಚಿದಳು.
ಹನ್ನೊಂದನೇದು ಎಂದೋ ಕಳೆದದ್ದು,
ಅದರ ತೂತಿನಾಗ ಒಣಗಿದ ಇರುವಿ.
ಒಳಗೆಲ್ಲ ನಮ್ಮೂರ ಸಿಮೆಂಟಿನ ಬಿಳೇ ದೂಳು.
ಹೊಸಾ ಡಿಸ್ಕು ನನ್ನ ಅಂಗೈಗಿಟ್ಟಳು:
ತಿರುಗೂದಿಲ್ಲ, ಗುಂಯ್ ಅನ್ನೂದಿಲ್ಲ,
ಕಡಕ್ ರೊಟ್ಟಿ ಚೂರಿನಷ್ಟು ಹಗುರ.

“ಹಳೇದರ ಒಂದೊಂದು ಸೆಕ್ಟರ್ ಓದಿ
ಇದರಾಗ ಬರೀತದ ನೋಡ್ರಿ.”
ನಾ ನಕ್ಕೆ. ಆಕಿಗೆ ತಿಳೀಲಿಲ್ಲ.
ಆಕಿ ಹುಟ್ಟಿದ್ದೇ ಸೆಕ್ಟರಿನಾಗ.

ನಮ್ಮನ್ನೂ ಹಂಗೇ ತಂದರು ಕಿಲ್ಲಾದಿಂದ,
ಹಿನ್ನೀರು ಬರೂದರೊಳಗ, ಓಣಿ ಓಣಿ ಓದಿ.
ಆಗ ನಾ ಪರಿಹಾರದ ಅರ್ಜಿ ಟೈಪ್ ಮಾಡಾಕಿ,
ಪುಟಕ್ಕ ನಾಲ್ಕು ರೂಪಾಯಿ.
ಗ್ವಾಡಿ ನಾಲ್ಕು. ಮಾಡ ಎರಡು. ಬೇವಿನ ಗಿಡ ಒಂದು.
“ಕಟ್ಟಿನೂ ಬರಿಯವ್ವಾ, ಸಂಜಿಗೆ ಕೂಡೂ ಕಟ್ಟಿ,”
ಅಂದಿದ್ದಳು ಒಬ್ಬಾಕಿ.
ಅದಕ್ಕ ಕಾಲಂ ಇರಲಿಲ್ಲ.
‘ಕಲ್ಲು, ಇತರೆ’ ಅಂತ ಹೊಡೆದೆ.

ಅರವತ್ತೆರಡು ಪರ್ಸೆಂಟಿಗೆ ಲೈಟ್ ಹೋತು.
ಯುಪಿಎಸ್ ಚೀರಿತು.
ರಾಜ್ಮಾ ಎರಡೂ ಕೈ ಡಿಸ್ಕಿನ ಮ್ಯಾಲಿಟ್ಟು ಕುಂತಳು,
ಕೋಳಿಮರಿ ಹಿಡಿದಂಗ,
ಉಸಿರೂ ಬಿಡದ.

ಒಂಬತ್ತಕ್ಕ ಮುಗೀತು.
“ಹದಿನೇಳು ಫೈಲ್ ಬರಲಿಲ್ಲರೀ, ಬ್ಯಾಡ್ ಸೆಕ್ಟರ್.
ಹೆಸರು ಬಂದಾವ. ಒಳಗೇನಿಲ್ಲ.”

ಓದಿದೆ.
ಲೈಟ್ ಬಿಲ್ ಮಾರ್ಚ್.
ಪುಟ್ಟಿ ಜಾವಳ.
ಹೊಸ ಫೋಲ್ಡರ್ ಮೂರು.
ಕಿಲ್ಲಾ ಹಲಗಿ, ಗುರುನಾಥ ಬಾರಿಸಿದ್ದು.
ಕ್ಯಾಸೆಟ್ಟಿನಿಂದ ಇಳಿಸಿದ್ದೆ ಅದನ್ನ; ಕ್ಯಾಸೆಟ್ಟಿಗೆ ಬೂಸಲಾತು.
ಒತ್ತಿದೆ. ಸೊನ್ನೆ.

ಗುರುನಾಥ ಅದಾನ,
ಸೆಕ್ಟರ್ ನಲವತ್ತರಾಗ ಮೊಬೈಲ್ ಕವರ್ ಮಾರತಾನ.
ಮತ್ತೊಮ್ಮೆ ಬಾರಿಸೋ ಅಂದರ ಬಾರಿಸ್ಯಾನು.
ಆದರ ಇಲ್ಲಿ ರಸ್ತೆ ಅರವತ್ತಡಿ.
ಹೋದ ಸಪ್ಪಳ ಗ್ವಾಡಿಗೆ ಬಡಿದು
ತಿರುಗಿ ಬರೂದಿಲ್ಲ.

“ಅಳಸಲ್ರೀ?”
“ಜಾಗಾ ಹಿಡೀತಾವೇನು?”
“ಇಲ್ಲ.”
“ಇರಲಿ ಬಿಡು.”

ಹಳೇ ಡಿಸ್ಕು ಕೇಳಿ ಇಸಗೊಂಡೆ.
ಈಗ ಬಾಂಡ್ ಪೇಪರಿನ ಮ್ಯಾಲೆ ಭಾರಕ್ಕ ಕುಂತದ,
ಫ್ಯಾನ್ ಹಚ್ಚಿದರೂ ಒಂದೂ ಹಾರೂದಿಲ್ಲ.

ಮುಂಜಾನೆ ಪವರ್ ಒತ್ತಿ
ರೂಢಿಯಂಗ ಕೆಳಗಿಳಿದೆ.
ಗ್ಯಾನಪ್ಪ ಇನ್ನೂ ಕಪ್ಪು ತೊಳೀತಿದ್ದ.
ಮ್ಯಾಲೆ ಬಂದು ನೋಡಿದರ
ಅದು ಎಂದೋ ಎದ್ದು, ಪರದೆ ಬೆಳಗಿಸಿ,
ನನ್ನ ದಾರಿ ಕಾದು ಕಾದು
ಮತ್ತ ಮಲಗಿತ್ತು.