ಉಪ್ಪಿನ ಹಕ್ಕಳೆ

ಕ್ಯಾಂಪಿನ ಹುಡುಗರು ಫೋನಿನಲ್ಲಿ ತೋರಿಸುತ್ತಾರೆ:
ಯಾವುದೋ ದೇಶ, ಹೆಪ್ಪುಗಟ್ಟಿದ ಸರೋವರ,
ಹಾಸಿಗೆಯಂಥ ಕೋಟು ತೊಟ್ಟವರು
ಮಂಜಿಗೆ ತೂತು ಕೊರೆದು, ಕುರ್ಚಿ ಹಾಕಿ ಕೂತು
ಗಾಳ ಬಿಟ್ಟಿದ್ದಾರೆ. ಒಬ್ಬ ಎದ್ದು ನಾಲ್ಕು ಹೆಜ್ಜೆ ನಡೆದವನು
ಐದನೆಯದಕ್ಕೆ ಇಲ್ಲ.
ಟೋಪಿ ಮಾತ್ರ ಇದೆ.

ನಗುತ್ತಾರೆ. ಮಿರ್ಫಾದಲ್ಲಿ ನಲವತ್ತಾರು ಡಿಗ್ರಿ,
ಏಸಿ ಕೆಟ್ಟ ಕೋಣೆ. ಇಲ್ಲಿ ಮಂಜೆಂದರೆ
ಮೀನಂಗಡಿಯ ಪೆಟ್ಟಿಗೆಯಲ್ಲಿ ಹಮೂರಿನ ಕಣ್ಣಿಗೊತ್ತಿದ ಚೂರು.
‘ಇವ್ರಿಗೆಲ್ಲ ಹುಚ್ಚಾ, ಜಟ್ಟಣ್ಣ?’

ಇಲ್ಲಿಯೂ ಇದೆ ಅದು. ಬಣ್ಣವೂ ಅದೇ.
ಹೆದ್ದಾರಿ ದಾಟಿದರೆ ಸಮುದ್ರದವರೆಗೆ ಸಬ್ಖಾ,
ಕಾಯ್ದ ಹಾಲು ಆರಿ ಕೆನೆ ಕಟ್ಟಿದ ಹಾಗೆ ಉಪ್ಪು,
ಅದರಡಿಗೆ
ಮಣ್ಣೂ ಅಲ್ಲದ ನೀರೂ ಅಲ್ಲದ ಬೂದು.
ನೋಡಿದರೆ ಸಿಮೆಂಟು ಹಾಕಿದ ಅಂಗಳ.
ಇಲ್ಲಿ ಲಾರಿ ಹೊರುತ್ತದೆ, ಮಾರು ದೂರದಲ್ಲಿ
ಮೇಕೆಯನ್ನೂ ಹೊರುವುದಿಲ್ಲ.

ಗಂಗೊಳ್ಳಿಯ ಅಳಿವೆಯಲ್ಲಿ ಈಜು ಕಲಿತವನು ನಾನು.
ನೀರು ಬಲ್ಲವನಿಗೆ ನೆಲ ಯಾವ ಲೆಕ್ಕ, ಅಂದುಕೊಂಡಿದ್ದೆ.

ಆ ಶುಕ್ರವಾರ ಕಂಪನಿಯ ಪಿಕಪ್ಪು, ಕೇಳದೇ ತಂದದ್ದು.
ಸ್ಟಿಯರಿಂಗಿನಲ್ಲಿ ನಾನು, ಪಕ್ಕದಲ್ಲಿ ಭಟ್ಕಳದ ಮುಝಮ್ಮಿಲ್,
ಹಿಂದೆ ಗಾಳದ ಕೋಲುಗಳ ನಡುವೆ
ಬಂದು ಇಪ್ಪತ್ತು ದಿನವಾದ ಉಪ್ಪುಂದದ ನಿಶಾಂತ.
ದಾರಿ ಬದಿ ಬೋರ್ಡು, ಅರಬಿಯಲ್ಲಿ ಎರಡು ಸಾಲು.
ಮುಝಮ್ಮಿಲನಿಗೆ ಓದಲು ಬರುತ್ತಿತ್ತು.
ನಾನು ಕೇಳಲಿಲ್ಲ.
‘ಹೋಯ್ಲಕ್ಕಾ, ಜಟ್ಟಣ್ಣ?’
‘ಅಡ್ಡಿಲ್ಲೆ. ನಾನಿಲ್ಯಾ?’

ಹಪ್ಪಳ ಮುರಿದಷ್ಟೇ ಸದ್ದು.
ಮುಂದಿನ ಚಕ್ರ ಎರಡೂ ಮಂಡಿಯೂರಿದವು.
ತಳ್ಳಲೆಂದು ಹುಡುಗ ಹಾರಿದ, ನಾನು ಬೇಡ ಅನ್ನುವ ಮೊದಲು
ತೊಡೆಯವರೆಗೆ ಹೋಗಿದ್ದ.
ಎಳೆದಷ್ಟೂ ಒಳಗೆ. ಉಪ್ಪಿನ ಅಂಚು ಗಾಜು,
ಬೂದಿನ ಮೇಲೆ ಸಣ್ಣಗೆ ಕೆಂಪು.
ಆಚೆ ಉಬ್ಬರ ಶುರುವಾಗಿತ್ತು, ಯಾರೋ
ಅವಸರವಿಲ್ಲದೆ ಚಾಪೆ ಬಿಡಿಸುತ್ತಿರುವ ಹಾಗೆ.

ಒಂಟೆಯ ಮೇವು ಒಯ್ಯುತ್ತಿದ್ದ ಮುದುಕ ಮುಸಬ್ಬಾ
ಗಾಡಿಯನ್ನು ಡಾಂಬರಿನಲ್ಲೇ ನಿಲ್ಲಿಸಿದ.
ಬೈಯಲಿಲ್ಲ. ಮಗನ ಸೊಂಟಕ್ಕೆ ಹಗ್ಗ ಬಿಗಿದ,
ಇನ್ನೊಂದು ತುದಿ ತನ್ನ ಸೊಂಟಕ್ಕೆ.
ಮಗ ಹಲಗೆಯ ಮೇಲೆ ಹೊಟ್ಟೆಯಲ್ಲಿ ತೆವಳುತ್ತ ಬಂದ.
ಅಷ್ಟು ಹೊತ್ತೂ ಮುದುಕ ನಮ್ಮನ್ನು ನೋಡಲೇ ಇಲ್ಲ,
ಮಗನ ಎದೆಯ ಕೆಳಗಿನ ಬಿಳಿಯನ್ನೇ ನೋಡುತ್ತಿದ್ದ.

ಹುಡುಗ ಹೊರಬಂದ, ಒಂದು ಚಪ್ಪಲಿ ಒಳಗೇ.
ಜೇಬಿನಿಂದ ಒದ್ದೆ ನೂರು ದಿರ್ಹಮ್ ಚಾಚಿದೆ.
ಮುದುಕ ಹರುಕು ಹಿಂದಿಯಲ್ಲಿ ಕೇಳಿದ:
‘ನೀನು ಮೀನಿಗೆ ಬಂದೆ.
ನನ್ನ ಮಗ ಯಾತಕ್ಕೆ ಬಂದ?’

ಕ್ಯಾಂಪಿನಿಂದ ಹೊರಡುವಾಗ ತಲೆ ಎಣಿಸಿದ್ದೆ, ಮೂರು.
ಐದಿದ್ದವು.

ನೋಟೀಸು ಬಂತು, ಎರಡು ತಿಂಗಳ ಸಂಬಳ ಹೋಯಿತು. ಹೋಗಲಿ.

ಈಗ ಕಬ್ಬಿಣದ ಸರಳು ನನ್ನ ಕೈಯಲ್ಲಿ.
ಕುಟ್ಟುತ್ತೇನೆ. ಟಣ್ ಅಂದರೆ ಒಂದು ಹೆಜ್ಜೆ,
ಎರಡಲ್ಲ. ಸದ್ದು ಬದ್ ಅಂದರೆ
ಬುತ್ತಿ ಬಿಚ್ಚದೆ ವಾಪಸು.
ಹಿಂದೆ ಬರುವವರ ನಡುವೆ ಹತ್ತು ಮೊಳ.
ಪುಕ್ಕಲ ಅನ್ನುತ್ತಾರೆ, ಕೇಳುವ ಹಾಗೆಯೇ.
ಬೋರ್ಡಿನ ಮುಂದೆ ನಿಲ್ಲಿಸಿ ಮುಝಮ್ಮಿಲನಿಂದ
ಎರಡೂ ಸಾಲು ಗಟ್ಟಿಯಾಗಿ ಓದಿಸುತ್ತೇನೆ, ಪ್ರತಿ ಸಲ,
ಅವನಿಗೂ ಬೇಜಾರು.

ಹದಿನೈದು ದಿನ ಬಿಟ್ಟು ಆ ಗುಂಡಿ ನೋಡಲು ಹೋಗಿದ್ದೆ.
ಮುಚ್ಚಿಕೊಂಡಿತ್ತು. ಸುತ್ತಲಿನದೆಲ್ಲ ಮಾಸಲು,
ಅದೊಂದೇ ಹೊಸ ಬಿಳಿ, ಬಾ ಅನ್ನುವಂಥ ಬಿಳಿ.
ಪೈಪು ನೆಟ್ಟು ಕೆಂಪು ಬೈರಾಸು ಕಟ್ಟಿ ಬಂದೆ.
ಗಾಳಿ ಒಯ್ಯುತ್ತದೆ. ಮತ್ತೆ ಕಟ್ಟುತ್ತೇನೆ.

‘ಇನ್ನೊಂದ್ಸಲ ಹಾಕು’ ಅನ್ನುತ್ತೇನೆ ಹುಡುಗರಿಗೆ.
ಟೋಪಿ ಕಂಡ ಮೇಲೆ ಯಾರು ತೆವಳುತ್ತ ಹೋದರು,
ಹಗ್ಗ ಇತ್ತೇ, ಅದರ ತುದಿಯಲ್ಲಿ ಯಾರಿದ್ದರು,
ನೋಡಬೇಕು.
ಕುರ್ಚಿಯವ ಏಳುತ್ತಾನೆ. ಒಂದು, ಎರಡು, ಮೂರು, ನಾಲ್ಕು.
ಟೋಪಿ.
ಅಷ್ಟಕ್ಕೇ ಮುಗಿದುಹೋಗುತ್ತದೆ,
ಹದಿನಾರು ಸೆಕೆಂಡು.