ಹದಿನೇಳನೆಯ ಪ್ರಶ್ನೆ

ಪೆನ್ನು ಕೆಳಗಿಡು, ಊರಿಯಾಮ್.
ಫಾರಮ್ಮು ಎಲ್ಲಿಗೂ ಓಡಿಹೋಗುವುದಿಲ್ಲ.
ಬೇಸೊ ಆಸ್ಪತ್ರೆಯ ಗುಮಾಸ್ತ ಹತ್ತಕ್ಕೆ ಮೊದಲು
ಬಾಗಿಲು ತೆಗೆದದ್ದು ನಾನಂತೂ ಕಂಡಿಲ್ಲ.

ಹದಿನೇಳನೆಯದು ಸಣ್ಣ ಪ್ರಶ್ನೆ:
ಮೂರ್ಛೆ, ಫಿಟ್ಸ್, ಎಚ್ಚರ ತಪ್ಪುವುದು, ಎಂದಾದರೂ?
ಹೌದಿಗೊಂದು ಚೌಕ, ಇಲ್ಲಕ್ಕೊಂದು ಚೌಕ,
ಎರಡೂ ಅಕ್ಕಿಕಾಳಿನಷ್ಟು.
ಇಪ್ಪತ್ತೆರಡು ವರ್ಷದ ಹಿಂದೆ
‘ಇಲ್ಲ’ದೊಳಗೆ ಗೀಟೆಳೆದೆ ನಾನು.
ಕೈ ನಡುಗಲಿಲ್ಲ.

ಚಿಕ್ಕಂದಿನಲ್ಲಿ ಒಮ್ಮೆ ದೋಣಿಯಂಚಿನಿಂದ
ಕಳಚಿದ ಗರಿಯಂತೆ ನೀರಿಗೆ ಬಿದ್ದಿದ್ದೆ.
ದೊಡ್ಡಪ್ಪ ಜುಟ್ಟು ಹಿಡಿದೆತ್ತಿ ‘ಬಿಸಿಲು’ ಎಂದ.
ಮನೆಯವರೆಲ್ಲ ‘ಬಿಸಿಲು’ ಎಂದರು.
ಆ ಬಿಸಿಲು ನನ್ನ ಜೊತೆ ಹ್ಯಾಂಬರ್ಗಿನ ತನಕ ಬಂತು,
ಅಲ್ಲಿ ಬಿಸಿಲೇ ಇರಲಿಲ್ಲ.

ಮಾವ ಹಡಗಿನಲ್ಲಿ ಜಾರಿಬಿದ್ದ,
ನಿನಗೆ ಹೇಳಿರುವುದು ಇಷ್ಟೇ.
ಜಾರಲಿಲ್ಲ.
ಬೆಳಗಿನ ಜಾವ ನಾಲ್ಕರ ಪಾಳಿ,
ಮೇಟ್ ಬೊಗೂಸ್ವಾಫ್ ಹೊಟ್ಟೆ ಹಿಡಿದುಕೊಂಡು ಕೆಳಗೆ ಓಡಿದ್ದ,
ಬ್ರಿಡ್ಜಿನಲ್ಲಿ ನಾನೊಬ್ಬನೇ ಕಣ್ಣು.
ಮೊದಲು ಸುಟ್ಟ ರಬ್ಬರಿನ ವಾಸನೆ.
ರಾಡಾರಿನ ಹಸಿರು ಗೆರೆ ಒಂದು ಸುತ್ತು ಬಂತು,
ಇನ್ನೊಂದು ಸುತ್ತು ಮುಗಿಸಲೇ ಇಲ್ಲ.
ಆಮೇಲೆ ಒಂದು ಬೂಟು. ಅವನದು.
ಬಾಯಲ್ಲಿ ಉಪ್ಪು, ಸಮುದ್ರದ್ದಲ್ಲ, ನನ್ನ ನಾಲಿಗೆಯದು.

ಹನ್ನೊಂದು ನಿಮಿಷ.
ಆರುನೂರು ಕಂಟೇನರು,
ಹದಿನಾಲ್ಕು ಜನರ ನಿದ್ದೆ ಹೊತ್ತು
ಕಣ್ಣು ಕಟ್ಟಿದವಳಂತೆ ನಡೆಯಿತು ಹಡಗು.
ಆ ಹೊತ್ತಿಗೆ ಎದುರಿನಿಂದ ಯಾರೂ ಬರಲಿಲ್ಲ.
ಬಾರದವರ ಋಣ ನನ್ನ ಮೇಲಿದೆ,
ಹೆಸರು ಗೊತ್ತಿಲ್ಲ.

ಡಾಕ್ಟರು ಫಿಜಿಯವಳು, ಒಳ್ಳೆಯವಳು. ಕಾಗದ ನೋಡಿಕೊಂಡು
ಒಬ್ಬನೇ ಕಾವಲು ಕೂಡದು ಎಂದಳು,
ಏಣಿ ಕೂಡದು, ನೀರಂಚಿನ ಕೆಲಸ ಕೂಡದು.
ಮಾತ್ರೆಯಿಲ್ಲದೆ ಮೂರ್ಛೆಯಿಲ್ಲದೆ ಹತ್ತು ವರ್ಷ ಕಳೆ,
ಆಮೇಲೆ ಬಾ, ನೋಡೋಣ.
ಬಿಟ್ಟರೆ ಮೂರ್ಛೆ, ನುಂಗಿದರೆ ಹಡಗಿಲ್ಲ.
ನಾನು ನಕ್ಕೆ. ಅವಳೂ ನಕ್ಕು
ಕಿಟಕಿಯ ಕಡೆ ತಿರುಗಿದಳು.
ಕಿಟಕಿಯಲ್ಲಿ ನೀರು.
ಹಿಂಬಾಗಿಲಲ್ಲೂ ನೀರು.
ನೀರಂಚು ಅಂದರೆ ಎಲ್ಲಿಂದ ಎಲ್ಲಿಯವರೆಗೆ, ಡಾಕ್ಟರೇ?
ನಮ್ಮ ತರಾವಾ ಅಡ್ಡಕ್ಕೆ ನಾನೂರು ಹೆಜ್ಜೆ,
ನಮ್ಮ ಎತ್ತರದ ಗುಡ್ಡ ಚರ್ಚಿನ ಮೆಟ್ಟಿಲು.
ಇಲ್ಲಿ ದಡದಲ್ಲಿರುವವನು ಯಾರು?

ತೆಂಗಿನ ಮರವೂ ಏಣಿಯ ಲೆಕ್ಕಕ್ಕೆ ಬಂತು.
ಈಗ ನನ್ನ ಮರ ಹತ್ತಿ ನೀರಾ ಇಳಿಸುವವನು
ಪಕ್ಕದ ಮನೆಯ ಬ್ವೆರೆ.
ಹತ್ತುವವನು ಹಾಡಬೇಕು, ಅದು ರೂಢಿ,
ಅವನದು ಸದಾ ಅಪಸ್ವರ.
ಬುಡದಲ್ಲಿ ಕೂತು ನಾನು ತಿದ್ದುತ್ತೇನೆ.
ಬುಡದಲ್ಲಿ ಹಾಡಕೂಡದೆಂದು
ಯಾವ ಕಾಗದದಲ್ಲೂ ಇಲ್ಲ.

ಹೋದ ಕ್ರಿಸ್ಮಸ್ಸಿನ ರಾತ್ರಿ, ಊರೊಟ್ಟಿನ ಚಾವಡಿಯಲ್ಲಿ,
ಕುಣಿತದ ನಡುವೆ ಚಾಪೆಯ ಮೇಲೆ
ನಿನ್ನ ಕೈಕಾಲು ಸೆಟೆದದ್ದು
ನಿನಗೆ ನೆನಪಿರಲಾರದು.
ಅಕ್ಕ ‘ಸೆಕೆ’ ಎಂದಳು.
ಎಲ್ಲರೂ ‘ಸೆಕೆ’ ಎಂದರು.
ನಾನೂ ಎಂದೆ.

ಒಂಬತ್ತು ಬಾಯಿ ನಿನ್ನ ದಾರಿ ನೋಡುತ್ತಿವೆ, ಬಲ್ಲೆ.
ತಂಗಿಯ ಶಾಲೆ, ಅಜ್ಜಿಯ ಕಣ್ಣಿನ ಪೊರೆ, ಸೋರುವ ತಗಡು.
ನನ್ನ ‘ಇಲ್ಲ’ವೂ ಹದಿನೈದು ವರ್ಷ ಅನ್ನ ಹಾಕಿತು,
ಅದನ್ನು ಉಗುಳಲಾರೆ.
ಆದರೆ ಈಗಲೂ ನಡುರಾತ್ರಿ ಎದ್ದು ಕೂತು
ಎದುರಿಗೆ ಬಾರದಿದ್ದ ಹಡಗಿನ
ದೀಪಗಳನ್ನು ಎಣಿಸುತ್ತೇನೆ.
ಒಂದೊಂದು ದಿನ ಅದು ಬಂದೇಬಿಡುತ್ತದೆ.

ಏನು ಬರೆಯಲಿ ಮಾವ, ಎನ್ನುತ್ತೀಯ.
ಹದಿನಾರರವರೆಗೆ ಬರೆ.
ನಾನು ಹೊರಗಿನ ಬೆಂಚಿನಲ್ಲಿರುತ್ತೇನೆ,
ಜೇಬಿನಲ್ಲಿ ಮಧ್ಯಾಹ್ನದ ಮಾತ್ರೆ.

ಬಸ್ಸು ಬಂತು, ಹತ್ತು.
ಕಿಟಕಿಯ ಪಕ್ಕ ಬೇಡ.
ಅಲ್ಲ, ಕೂರು ಬಿಡು,
ಸೇತುವೆಯ ಮೇಲೆ ಎರಡೂ ಕಡೆ ನೀರೇ.